ಚೀಟಿಯ ಮೇಲಿನ ಮೂರೂವರೆ

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ ಚಾಚಾ, ಮನುಷ್ಯಾ ಹೇಳ್ತಾನ!”

ಎಲ್ಲ ಡ್ರೈವರ್‌ಗಳ ಎದುರು ನಾನು ಹೀಗೆ ಗದರಿದಾಗ ಮಹಬೂಬ್ ಚಾಚಾ ತಲೆ ತಗ್ಗಿಸಿದರು. ಶಹಾಬಾದಿನ ನನ್ನ ಫರಸಿ ಕಲ್ಲಿನ ಅಡ್ಡೆಯಲ್ಲಿ ಮೊದಲು ಬಂದ ಲಾರಿಗೆ ಮೊದಲು ಲೋಡು. ಲಾರಿ ಬಂದ ವೇಳೆಯನ್ನು ಕಂಪ್ಯೂಟರ್ ಮುದ್ರಿಸಿಕೊಡುವ ಚೀಟಿ ನೋಡಿ ನಾನೇ ಪಾಳಿ ಕೂಗುತ್ತೇನೆ. ಅಂದು ಕಲ್ಲು ಕೊಯ್ಯುವ ಮಷೀನ್ ಕೆಟ್ಟು, ಸಂಜೆಗೆ ತಯಾರಾದದ್ದು ಒಂದೇ ಲೋಡು. ಚಾಚಾನ ಚೀಟಿಯಲ್ಲಿ 05:10 ಇತ್ತು, ರಾವೂರಿನ ಶರಣಪ್ಪನದರಲ್ಲಿ 03:30. ನಾನು ಶರಣಪ್ಪನ ಪಾಳಿ ಕೂಗಿದೆ. ತಾವು ನಸುಕಿನಲ್ಲೇ, ಅವನಿಗಿಂತ ಮೊದಲೇ ಬಂದದ್ದೆಂದು ಚಾಚಾ ಹೇಳಿದ್ದಕ್ಕೆ ನಾನು ಆ ಮಾತು ಆಡಿದ್ದೆ.

ಶರಣಪ್ಪನೇ ಮುಂದೆ ಬಂದ. “ಸಾವ್ಕಾರ್ರ, ನಾ ಮಧ್ಯಾಹ್ನ ಮೂರೂವರಿಗಿ ಬಂದೀನ್ರಿ. ಆಗ ಚಾಚಾ ಲಾರಿ ಕೆಳಗ ಗೊರಕಿ ಹೊಡ್ಯಾಕತ್ತಿದ್ರು!”

ಎಲ್ಲರೂ ನಕ್ಕರು. ನಾನು ಎರಡೂ ಚೀಟಿ ಮತ್ತೆ ನೋಡಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ವಿಡಿಯೊ ನೋಡಿ ಕಲಿತು, ಚೀಟಿಯಲ್ಲಿ ವೇಳೆ ಹೇಗೆ ಮೂಡಬೇಕೆಂಬ ಅಕ್ಷರಗಳನ್ನು ನಾನೇ ಹಾಕಿದ್ದೆ, ಹತ್ತು ಜನರಿಗೆ ಹೇಳಿಕೊಂಡೂ ಇದ್ದೆ. ಗಂಟೆಗೆ ದೊಡ್ಡ HH ಹಾಕಿದ್ದರೆ ಮಧ್ಯಾಹ್ನದ ಮೂರು 15 ಆಗುತ್ತಿತ್ತು. ನಾನು ಸಣ್ಣ hh ಹಾಕಿ, ಚೀಟಿ ಚಂದ ಕಾಣಲೆಂದು ಎಎಂ-ಪಿಎಂ ಕೂಡ ತೆಗೆದಿದ್ದೆ. ಹಾಗಾಗಿ ಮಧ್ಯಾಹ್ನದ ಮೂರೂವರೆ ನಸುಕಿನದರಂತೆ ಕಂಡಿತ್ತು.

“ಹೋಗ್ಲಿ ಬಿಡ್ರಿ, ಕಂಪ್ಯೂಟರಿಗೇನ್ ತಿಳೀತದ” ಎಂದರು ಚಾಚಾ. ನಾನು “ಹೌದ್ ನೋಡ್ರಿ” ಎಂದುಬಿಟ್ಟೆ.

ಲೋಡು ಅವರಿಗೇ ಹೋಯಿತು, ಅಕ್ಷರವನ್ನೂ ತಿದ್ದಿದೆ. ತಪ್ಪು ನನ್ನದೆಂದು ಅದೇ ಡ್ರೈವರ್‌ಗಳ ಎದುರು ಹೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ. ಚಾಚಾ ಈಗಲೂ ಚೀಟಿ ತೆಗೆದುಕೊಂಡು ಸಲಾಮ್ ಹೇಳುತ್ತಾರೆ; ನಾನು ಪ್ರಿಂಟರ್ ಕಡೆ ನೋಡುತ್ತೇನೆ.