ಹೈಜಿಯಾ ಕೇಳದ ಹರಕೆ

ಹೈಜಿಯಾ ಪ್ರಾಚೀನ ಗ್ರೀಕರ ಆರೋಗ್ಯದೇವತೆ. ಕೈಯಲ್ಲಿ ಬಟ್ಟಲು ಹಿಡಿದು ಹಾವಿಗೆ ಉಣಿಸುತ್ತಿರುತ್ತಾಳೆ. ಅವಳಿಗೀಗ ಪೂಜೆಯಿಲ್ಲ, ಹೆಸರು ಮಾತ್ರ ‘ಹೈಜೀನ್’ ಎಂಬ ಪದವಾಗಿ ಎಲ್ಲೆಲ್ಲೂ ಇದೆ. ಬರ್ಮಿಂಗ್‌ಹ್ಯಾಮಿನ ಹೋಟೆಲುಗಳ ಬಾಗಿಲಿಗೆ ಹೈಜೀನ್ ರೇಟಿಂಗಿನ ಚೀಟಿ, ಹಲ್ಲು ಸ್ವಚ್ಛ ಮಾಡುವವರಿಗೆ ಹೈಜೀನಿಸ್ಟ್ ಎಂಬ ಪದವಿ, ಆಸ್ಪತ್ರೆಯ ಪ್ರತಿ ನಲ್ಲಿಯ ಮೇಲೂ ಹ್ಯಾಂಡ್ ಹೈಜೀನ್ ಫಲಕ. ಆ ಫಲಕದ ಪಾಠವನ್ನು ಕಿರಿಯ ಡಾಕ್ಟರುಗಳಿಗೆ ಹೇಳುವುದು ನನ್ನ ಕೆಲಸ. ಕೈ ಸರಿಯಾಗಿ ತೊಳೆಯಲು ಬಿಡದ ವಾಚು ಕಟ್ಟಿಕೊಂಡು ವಾರ್ಡಿಗೆ ಬಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಚಳಿಗಾಲದ ಜ್ವರದ ಹಾವಳಿ. ವಾರ್ಡಿನೊಳಗೆ ತಂದೆತಾಯಿಗೆ ಮಾತ್ರ ಪ್ರವೇಶ. ಧಾರವಾಡದಿಂದ ಬಂದಿದ್ದ ಅವ್ವ ಬರ್ಮಿಂಗ್‌ಹ್ಯಾಮಿನ ಪಕ್ಕದ ಸೊಲಿಹಲ್‌ನ ನಮ್ಮ ಮನೆಯಲ್ಲಿ ಕೂತು ಮೂರು ವಾರ ಮೊಮ್ಮಗಳನ್ನು ಫೋನಿನಲ್ಲೇ ನೋಡಿದಳು. ಅವಳು ಊರಿಗೆ ಮರಳುವ ಹಿಂದಿನ ದಿನ, ಅಜ್ಜಿ ಒಮ್ಮೆ ಎತ್ತಿಕೊಳ್ಳಲಿ ಎಂದು ವಾರ್ಡಿನವರು ಒಪ್ಪಿದರು. ಅವ್ವ ಹಣೆಗೆ ಮೂರೆಳೆ ವಿಭೂತಿ ಹಚ್ಚಿಕೊಂಡು, ಮಗುವಿಗೂ ಒಂಚೂರು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟಳು.

ವಾರ್ಡಿನ ಬಾಗಿಲಲ್ಲಿ ನಾನು ತಡೆದೆ. “ಅವ್ವ, ಆ ಬೂದಿ ಒಳಗ ತರಬ್ಯಾಡ. ಹೈಜೀನ್ ಅಂತ ಒಂದದ.”

“ಬೂದಿ ಅಲ್ಲಪಾ, ವಿಭೂತಿ. ನಿನಗೂ ಹುಟ್ಟಿದ ದಿನಾನ ಹಚ್ಚಿದ್ವಿ.”

“ಹಣೀದೂ ಉದುರ್ತದ. ಹಿಂಗ ಹೋದ್ರ ಕೂಸಿನ್ನ ಕೊಡೂದಿಲ್ಲ.”

ಅವ್ವ ಗಂಟನ್ನು ನನ್ನ ಕೈಗಿಟ್ಟು, ನಲ್ಲಿಯ ಕೆಳಗೆ ಮೊಣಕೈವರೆಗೂ ತಿಕ್ಕಿ ತೊಳೆದಳು. ಆಮೇಲೆ ಪೇಪರ್ ಟವೆಲ್ ಒದ್ದೆ ಮಾಡಿ ಹಣೆ ಒರೆಸಿಕೊಂಡಳು. ಅಪ್ಪ ತೀರಿಕೊಂಡ ದಿನವೂ ಆ ಹಣೆ ಬರಿದಾಗಿರಲಿಲ್ಲ. ಆದರೂ ನಾನು ಗಂಟನ್ನು ಜೇಬಿಗಿಟ್ಟು ವಾರ್ಡಿನ ಬಾಗಿಲು ತೆರೆದೆ.

ಮಗುವನ್ನು ಅವ್ವನ ಎದೆಗೆ ಒರಗಿಸಿದ ನರ್ಸ್, ಅವಳ ಒದ್ದೆ ಹಣೆ ನೋಡಿ ಏನಾಯಿತೆಂದು ವಿಚಾರಿಸಿದಳು. ಹೇಳಿದೆ. ಅವಳು ಪೆಚ್ಚಾದಳು. ಹಣೆಯ ವಿಭೂತಿಗೆ ಇಲ್ಲಿ ಯಾರ ಅಡ್ಡಿಯೂ ಇಲ್ಲ, ಕೈ ತೊಳೆದರೆ ಸಾಕಿತ್ತು, ನೀವು ಒಂದು ಮಾತು ಕೇಳಬೇಕಿತ್ತು ಎಂದಳು. ಹೈಜಿಯಾ ಇದನ್ನು ಬೇಡಿರಲಿಲ್ಲ. ಅವಳ ಹೆಸರು ಹೇಳಿ ಬೇಡಿದವನು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಏನಂತಾರ?” ಅವ್ವ ಕೇಳಿದಳು.

“ಹಣಿ ಒರಸೂದು ಬೇಕಿರಲಿಲ್ಲಂತವ್ವ. ನಂದ ತಪ್ಪು.”

ಅವ್ವ ಮಗುವಿನಿಂದ ಕಣ್ಣು ತೆಗೆಯಲಿಲ್ಲ. “ಇರ್ಲಿ ಬಿಡು. ಈಕಿ ಸಲುವಾಗಿ ಒರಸ್ಕೊಂಡೆ, ನಿನ್ನ ಸಲುವಾಗಿ ಅಲ್ಲ.”