ಶಿವಣ್ಣ ಹಾಕಿದ ಹಿಡಿ ಮಣ್ಣು

ಐರ್ಲೆಂಡಿನ ಸ್ವೋರ್ಡ್ಸ್ ಊರಿನ ಕನ್ನಡದವರಿಗೆಲ್ಲ ಶಿವಣ್ಣ ಬೇಕು. ಏರ್‌ಪೋರ್ಟಿನಲ್ಲಿ ಕಂಪ್ಯೂಟರ್ ಕೆಲಸ; ಬಿಡುವಾದರೆ ಯಾರದೋ ಸೋಫಾ ಹೊರುವುದು, ಯಾರದೋ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವುದು. ಹೇಗಿದ್ದೀಯಾ ಎಂದರೆ ಇಲ್ಲಿಯವರಂತೆ ‘ಗ್ರ್ಯಾಂಡ್’, ಚೆನ್ನಾಗಿದ್ದೇನೆ, ಎನ್ನುತ್ತಿದ್ದ. ಕೊರೋನಾದ ಎರಡನೇ ಅಲೆಯಲ್ಲಿ ಬೆಂಗಳೂರಿನ ಅಕ್ಕ ತೀರಿಕೊಂಡಾಗಲೂ ಅದನ್ನೇ ಅಂದ. ನನಗೆ ರೇಗಿಹೋಯಿತು. ತಾಯಿಯಿಲ್ಲದ ಇವನನ್ನು ಸಾಕಿ ಬೆಳೆಸಿದವಳು ಆಕೆ. ಒಂದು ಹನಿ ಕಣ್ಣೀರು ಬೇಡವೇ, ಪುಣ್ಯಾತ್ಮ?

ಅವರ ಮನೆತನದಲ್ಲಿ ಸತ್ತವರನ್ನು ಹೂಳುತ್ತಾರೆ. ಒಡಹುಟ್ಟಿದವರು ಗುಂಡಿಗೆ ಹಿಡಿ ಮಣ್ಣು ಹಾಕಿದರೇನೇ ಕಳಿಸಿಕೊಟ್ಟಂತೆ. ಆಗ ಊರಿಗೆ ಹೋಗುವುದು ಆಗದ ಮಾತು. ದಾರಿ ತೆರೆದ ಮೇಲೆ ಹೋಗಿ ಅಕ್ಕನ ಸಮಾಧಿಯ ಮೇಲಾದರೂ ಹಾಕಿ ಬರುತ್ತೇನೆ ಎಂದು ಕಾಯುತ್ತಿದ್ದ. ಕೊನೆಗೊಂದು ದಿನ ಭಾವ ಫೋನಿನಲ್ಲಿ ನಿಜ ಹೇಳಿದರು. ಶವವನ್ನು ಮನೆಯವರಿಗೆ ಕೊಟ್ಟಿರಲಿಲ್ಲ, ಆಸ್ಪತ್ರೆಯಿಂದ ನೇರ ಒಯ್ದು ಸುಟ್ಟಿದ್ದರು. ಅಕ್ಕನಿಗೆ ಸಮಾಧಿಯೇ ಇಲ್ಲ.

ಬೇಸಿಗೆಯಲ್ಲಿ ಊರೂರು ತಿರುಗಲು ಸರ್ಕಾರ ಬಿಟ್ಟಾಗ ನಾನು ಅವನನ್ನು ಬಲವಂತವಾಗಿ ಕಾರಿಗೆ ಹತ್ತಿಸಿದೆ. ಸ್ಕಾಟ್ಲೆಂಡಿನ ಹೆಸರಾಂತ ಕವಿಯೊಬ್ಬ ಕೊನೆಗಾಲದಲ್ಲಿ ಐರ್ಲೆಂಡಿಗೆ ಬಂದು ಕಡಲ ಪಕ್ಕದ ಹಳ್ಳಿಯೊಂದರಲ್ಲಿ ಮಣ್ಣಾಗಿದ್ದಾನೆ. ಕಾಲೇಜಿನ ದಿನಗಳಿಂದ ನನಗೆ ಅವನ ಹುಚ್ಚು. ಶಿವಣ್ಣನಿಗೆ ಕವಿತೆ ಎಂದರೆ ಆಕಳಿಕೆ. ಗಾಳಿಯಾದರೂ ಕುಡಿದು ಬರಲಿ ಎಂದುಕೊಂಡೆ.

ಚರ್ಚಿನ ಹಿಂದೆ ಕವಿಯ ಸಮಾಧಿ. ಫೋಟೋ ತೆಗೆಯುತ್ತಿದ್ದವನು ತಿರುಗಿ ನೋಡುತ್ತೇನೆ, ಶಿವಣ್ಣ ಶೂ ಬಿಚ್ಚಿಟ್ಟು ಮಂಡಿಯೂರಿದ್ದಾನೆ. ಹುಲ್ಲಿನ ಅಂಚನ್ನು ಬೆರಳಿನಿಂದ ಕೆದಕಿ, ಹಿಡಿ ಮಣ್ಣು ಬಾಚಿ ಕಲ್ಲಿನ ಮೇಲೆ ಹಾಕಿದ. ಯಾರಾದರೂ ನೋಡಿದರೆ ಮಾನ ಹೋಗುತ್ತೆ, ಏಳು ಎಂದು ಗದರಿದೆ.

“ಸುಮ್ನಿರೋ ಗುರುದತ್ತಾ. ಇವನ್ಯಾರೋ ನಂಗೊತ್ತಿಲ್ಲ. ಮಣ್ಣೊಳಗೆ ಇದಾನಲ್ಲ, ಅಷ್ಟು ಸಾಕು.”

ಆಮೇಲೆ ಅತ್ತ. ಮಾಸ್ಕು ಒದ್ದೆಯಾಗಿ ಮೂಗಿಗೆ ಅಂಟಿಕೊಂಡರೂ ತೆಗೆಯದೆ, ಬಿಕ್ಕಿ ಬಿಕ್ಕಿ ಅತ್ತ. ನನ್ನ ಸಿಟ್ಟೆಲ್ಲ ಇಳಿಯಿತು. ಇವನನ್ನು ಕಲ್ಲೆದೆಯವನು ಎಂದುಕೊಂಡಿದ್ದೆನಲ್ಲ.

ಆಚೆ ಬದಿಯಲ್ಲಿ ಗಂಡನ ಸಮಾಧಿಗೆ ಹೂ ಇಡುತ್ತಿದ್ದ ಐರಿಷ್ ಅಜ್ಜಿಯೊಬ್ಬರು ಬಂದು, ಅಂತರ ಬಿಟ್ಟು ನಿಂತರು. ಇಲ್ಲಿರುವವರು ನಿಮಗೇನಾಗಬೇಕು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

ಶಿವಣ್ಣ ತಲೆಯೆತ್ತದೆ, “ನಮ್ಮಕ್ಕ,” ಎಂದ.

ಅವರಿಗೆ ಅರ್ಥವಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ಕಲ್ಲಿನ ಮೇಲಿದ್ದ ಗಂಡಸಿನ ಹೆಸರನ್ನೊಮ್ಮೆ ನೋಡಿದರು, ಅವನನ್ನೊಮ್ಮೆ ನೋಡಿದರು. ಗಂಡನಿಗೆಂದು ತಂದಿದ್ದ ಹೂಗಳಲ್ಲಿ ಒಂದನ್ನು ಆ ಮಣ್ಣಿನ ಮೇಲಿಟ್ಟು, ಅಕ್ಕನ ಹೆಸರೇನು ಎಂದು ಕೇಳಿದರು.