ಅಮ್ಮ ಹೇಳಿದ ಬಾಡಿಗೆ

೧೯೮೬ ಜೂನ್ ೧೨, ಗುರುವಾರ, ಬೆಳಿಗ್ಗೆ ಹತ್ತೂವರೆ. ವಿಜಯನಗರದಲ್ಲಿ ನಾವು ಮನೆ ಕೊಂಡು ಐದು ತಿಂಗಳಾಗಿತ್ತು. ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವುದೆಂದು ಗೇಟಿಗೆ ಬೋರ್ಡು ಕಟ್ಟಿದ್ದೆವು. ವಿಚಾರಿಸಲು ಬಂದವರನ್ನೆಲ್ಲ ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ: ಅಮ್ಮ ಹೇಳಿದ್ದೆಷ್ಟು, ಅವರು ಕೇಳಿದ್ದೆಷ್ಟು.

ಆ ದಿನ ಬಂದವರ ಕಂಕುಳಲ್ಲಿ ಫೈಲಿತ್ತು. "ಬಾಡಿಗೆ ಎಷ್ಟಮ್ಮಾ?" ಎಂದರು.

"ಆರುನೂರು. ಎರಡು ಹೊತ್ತೂ ನೀರು ಬರತ್ತೆ," ಎಂದಳು ಅಮ್ಮ, ಅಕ್ಕಿ ಆರಿಸುತ್ತಲೇ.

ಅವರು ಚೌಕಾಸಿ ಮಾಡಲಿಲ್ಲ. ಬರೆದುಕೊಂಡು, ಟೇಪು ತೆಗೆದು ಗೋಡೆ ಅಳೆಯತೊಡಗಿದರು. ಅಮ್ಮನ ಕೈ ಮೊರದಲ್ಲೇ ನಿಂತಿತು. ಖಾತೆ ಅಪ್ಪನ ಹೆಸರಿಗೆ ಬಂದಿದ್ದರಿಂದ ಕಂದಾಯ ನಿಗದಿ ಮಾಡಲು ಬಂದವರು ಅವರು. ಆಗ ಮನೆಗೆ ಎಷ್ಟು ಬಾಡಿಗೆ ಬರಬಹುದೋ ಅದರ ಮೇಲೆಯೇ ಕಂದಾಯ.

ಜುಲೈ ೩ರಂದು ನೋಟಿಸು ಬಂತು. ಹಿಂದಿನ ಮಾಲೀಕರು ಕಟ್ಟುತ್ತಿದ್ದುದರ ಮೂರು ಪಟ್ಟು. ಸಾಲದ ಕಂತು ಹೋಗಿ ಅಪ್ಪನ ಬಳಿ ಉಳಿದಿದ್ದುದರಲ್ಲಿ ಅಷ್ಟು ಕಂದಾಯ ಕಟ್ಟಿದರೆ ನನ್ನ ಬಿ.ಎಸ್ಸಿ. ಫೀಸಿಗೆ ಸಾಲುತ್ತಿರಲಿಲ್ಲ. ಫೀಸು ಕಟ್ಟಲು ೩೧ ಕೊನೆಯ ದಿನ. ಅಪ್ಪ ತಕರಾರು ಅರ್ಜಿ ಕೊಟ್ಟರು.

೨೧ರಂದು ಕಂದಾಯದ ಕಚೇರಿಯಲ್ಲಿ ವಿಚಾರಣೆ. ಡೈರಿ ಹಿಡಿದು ನಾನೂ ಹೋದೆ.

"ನಿಮ್ಮ ಮನೆಯವರೇ ಹೇಳಿದ್ದಲ್ವೇನ್ರೀ ಆರುನೂರು?" ಎಂದರು ಅಧಿಕಾರಿ.

"ಇಳಿಸ್ತಾರೆ ಅಂತ ಮೊದಲೇ ಏರಿಸಿ ಹೇಳೋದು ಸಾರ್. ಎಲ್ಲರ ಮನೇಲೂ ಹಂಗೇ," ಎಂದರು ಅಪ್ಪ.

"ಹಂಗಾದ್ರೆ ನಮ್ಮವರೂ ಚೌಕಾಸಿ ಮಾಡ್ಬೇಕಿತ್ತಾ?"

ಪಕ್ಕದ ಗುಮಾಸ್ತರು ನಕ್ಕರು. ಅಪ್ಪ ನಗಲಿಲ್ಲ; ಡೈರಿಯನ್ನು ಮೇಜಿನ ಮೇಲಿಟ್ಟರು. ಬಂದಿದ್ದವರು ಹದಿನಾಲ್ಕು ಜನ. ಮುನ್ನೂರೈವತ್ತಕ್ಕಿಂತ ಹೆಚ್ಚು ಕೊಡುತ್ತೇನೆಂದವರು ಒಬ್ಬರೂ ಇಲ್ಲ. ಅಧಿಕಾರಿಯ ಬೆರಳು ಜೂನ್ ೧೨ರ ಮೇಲೆ ನಿಂತಿತು. ಆ ಹಾಳೆಯನ್ನು ಹರಿದುಹಾಕು ಎಂದು ಅಮ್ಮ ಹೇಳಿದ್ದಳು. ನನಗೆ ಮನಸ್ಸು ಬಂದಿರಲಿಲ್ಲ.

"'ಅಮ್ಮ: ಆರುನೂರು. ಅವರು: ಏನೂ ಕೇಳಲಿಲ್ಲ.' ಇದ್ಯಾರಪ್ಪ?"

"ನಿಮ್ಮವರೇ ಸಾರ್," ಎಂದೆ.

ಅವರು ಆ ಪುಟವನ್ನು ಎರಡು ಸಲ ಓದಿದರು. "ಆರ್ಡರ್ ಪೋಸ್ಟಲ್ಲಿ ಬರತ್ತೆ, ಹೋಗಿ," ಎಂದರು.

ಎಂಟು ದಿನ ಮನೆಯಲ್ಲಿ ಯಾರೂ ಫೀಸಿನ ಮಾತೆತ್ತಲಿಲ್ಲ. ೨೯ರಂದು ಆದೇಶ ಬಂತು. ಬಾಡಿಗೆ ನಾನೂರ ಇಪ್ಪತ್ತೈದು ಎಂದು ಹಿಡಿದಿದ್ದರು. ಕಂದಾಯ ಎರಡು ಪಟ್ಟಿಗೆ ಇಳಿದಿತ್ತು. ಅಪ್ಪ ಕಾಗದವನ್ನು ಮಡಿಸಿ, "ನಾಳೆನೇ ಹೋಗಿ ಫೀಸು ಕಟ್ಬಿಡು ಕಣೋ," ಎಂದರು.

ನಾನೂರ ಇಪ್ಪತ್ತೈದು ಎಂದು ನಮ್ಮ ಗೇಟಿನ ಬಳಿ ಯಾರೂ ಹೇಳಿರಲಿಲ್ಲ. ಅದು ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ಆಗ ಕಂದಾಯದ ಕಚೇರಿಗಳಲ್ಲಿದ್ದವರು ಯಾರಾದರೂ ಒಂದು ಸಾಲು ಬರೆದು ತಿಳಿಸಿದರೆ, ಡೈರಿಯಲ್ಲಿ ಆ ಮೊತ್ತದ ಪಕ್ಕ ಖಾಲಿ ಬಿಟ್ಟಿರುವ ಜಾಗವನ್ನು ತುಂಬುತ್ತೇನೆ.